ಹೊಸ ಹುಲ್ಲು ತಿಂದ ಒಂಬತ್ತನೇ ಕುರಿಯ ಬಗ್ಗೆ

ಮೇವಿನ ತಳಿ ವಿಜ್ಞಾನಿಗಳಾದ ಭಾನುಪ್ರಕಾಶ ಅವರಿಗೆ ಉಟ್ಕೂರಿನ ಕುರಿಗಾರ ಸಿದ್ದಪ್ಪನು ತನ್ನ, ತನ್ನ ಹೆಂಡತಿ ಬಾಲಮ್ಮನ ಹಾಗೂ ಇಪ್ಪತ್ತು ಕುರಿಗಳ ಶರಣುಗಳೊಂದಿಗೆ ಎಲ್ಲರೆದುರು ಬರೆದುಕೊಳ್ಳುವ ದೂರು.

ಮಾನ್ಯರೇ,

ಹುಲ್ಲಿನ ಪ್ರೋಟೀನು ಕುರಿಯ ಮೈಗೆ ಹತ್ತದೆ ಬಹುಪಾಲು ಉಚ್ಚೆಯಲ್ಲಿ ಹೋಗುತ್ತದೆಂದು ತಾವು ತಿಳಿಸುವವರೆಗೆ, ಮೂವತ್ತು ವರ್ಷ ನಾನು ಆ ಉಚ್ಚೆಯನ್ನು ಹೊಲಕ್ಕೆ ಗೊಬ್ಬರವೆಂದೇ ನಂಬಿದ್ದೆ. ಆ ನಷ್ಟ ತಡೆಯಲು ತಾವು, ಪ್ರೋಟೀನನ್ನು ಮೈಗೆ ಹತ್ತಿಸುವ ಸಿಹಿ ಹೆಚ್ಚಿರುವ ಹೊಸ ತಳಿಯ ಹುಲ್ಲನ್ನು ನಮ್ಮ ಬೋರ್‌ವೆಲ್ ಪಕ್ಕ ಬೆಳೆಸಿ, ಹತ್ತು ಕುರಿಗೆ ಹೊಸದು, ಹತ್ತಕ್ಕೆ ಹಳೆಯದು ಎಂದು ವಿಂಗಡಿಸಿ, ಕೊರಳಿಗೆ ನಂಬರಿನ ಬಿಲ್ಲೆ ಕಟ್ಟಿದಿರಿ. ಬಾಟಲಿ ಹಿಡಿದು ಕುರಿಗಳ ಹಿಂದೆ ತಾಸುಗಟ್ಟಲೆ ಕಾಯುತ್ತಿದ್ದ ತಮ್ಮನ್ನು ನೋಡಿ, ನಮ್ಮ ಕುಲದೇವರು ಬೀರಪ್ಪನ ಪೂಜಾರಿಗೂ ಇಷ್ಟು ಶ್ರದ್ಧೆಯಿಲ್ಲವೆಂದು ಊರೇ ಮೆಚ್ಚಿತು.

ದೂರು ಒಂಬತ್ತನೇ ಕುರಿಯದು. ಅವಳಿ ಮರಿ ಹಾಕಿದ ಅದರ ಕೆಚ್ಚಲಲ್ಲಿ ಹಾಲಿರಲಿಲ್ಲ. ತಮ್ಮ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಹಳೆಯ ಹುಲ್ಲು. ಬೇಲಿಯಾಚೆಯ ಮರಿಗಳು ನೆಗೆದಾಡುತ್ತಿದ್ದರೆ ಇದರವಕ್ಕೆ ಏಳಲೂ ಆಗುತ್ತಿರಲಿಲ್ಲ. "ಇದೊಂದನ್ನ ಆ ಕಡಿ ಬಿಡ್ರೀ ಸಾರ್, ಮರಿ ಸಾಯಾಕ ಹತ್ಯಾವು" ಎಂದು ಬಾಲಮ್ಮ ಬೇಡಿದಳು. "ಒಂದ್ ಬದಲಿ ಮಾಡಿದ್ರ ಪರೀಕ್ಷಾನ ಕೆಡ್ತೈತಮ್ಮ, ಇನ್ನ ಹದಿನೈದ್ ದಿನ ತಡೀರಿ" ಎಂದು ತಾವು ನಮ್ಮ ಭಾಷೆಯಲ್ಲೇ ಸಮಾಧಾನ ಹೇಳಿದಿರಿ. ಮರಿಗಳಿಗೆ ಮಾತ್ರ ಆ ಭಾಷೆ ತಿಳಿಯಲಿಲ್ಲ.

ತಾವು ಮಕ್ತಲಕ್ಕೆ ಹೋದ ಮಧ್ಯಾಹ್ನ ಬಾಲಮ್ಮ ಒಂಬತ್ತರ ಬಿಲ್ಲೆ ಬಿಚ್ಚಿ, ಹೊಸ ಹುಲ್ಲು ಮೇಯುತ್ತಿದ್ದ, ಮರಿಯಿಲ್ಲದ, ಕೊಬ್ಬಿದ ಹದಿನಾಲ್ಕಕ್ಕೆ ಕಟ್ಟಿ, ಅದರದನ್ನು ಇದಕ್ಕೆ ಕಟ್ಟಿ, ಎರಡನ್ನೂ ಬೇಲಿಯ ಆಚೀಚೆ ಬದಲಿಸಿದಳು; ಇದರ ಮರಿಗಳು ಆಚೆಯ ಮರಿಗಳ ನಡುವೆ ಬೆರೆತುಹೋದವು. ವಾರದೊಳಗೆ ಕೆಚ್ಚಲಿಗೆ ಹಾಲಿಳಿಯಿತು, ಮರಿಗಳು ಎದ್ದು ನಿಂತವು. ಬಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಂಡೂ ಸುಮ್ಮನಿದ್ದ ಅಪರಾಧ ನನ್ನದು.

ನಾರಾಯಣಪೇಟೆಯ ರೈತರ ಸಭೆಯಲ್ಲಿ ತಾವು ಮರಿಯಿಲ್ಲದೆಯೂ ಹಾಲು ಕೊಟ್ಟ ಹದಿನಾಲ್ಕನೇ ಕುರಿಯನ್ನು ವಿಜ್ಞಾನದ ವಿಸ್ಮಯವೆಂದು ವರ್ಣಿಸಿ ನನಗೆ ಶಾಲು ಹೊದಿಸಿದಾಗ, ನಾನು ಅದನ್ನು ಅಲ್ಲೇ ತೆಗೆದು ಮಡಿಸಿ ಹಿಡಿದುಕೊಂಡೆ. ತಮ್ಮ ಹುಲ್ಲು ನಿಜವಾಗಿಯೂ ಒಳ್ಳೆಯದು. ಅದಕ್ಕೆ ನಮ್ಮ ಸುಳ್ಳಿನ ಆಸರೆ ಬೇಡ. ದಯಮಾಡಿ ಆ ಎರಡು ನಂಬರುಗಳನ್ನು ವರದಿಯಿಂದ ತೆಗೆಯಿರಿ. ಮುಂದಿನ ಪರೀಕ್ಷೆಗೆ ಬರೀ ಟಗರುಗಳನ್ನು, ಸಾಧ್ಯವಾದರೆ ಹೆಂಡತಿಯಿಲ್ಲದ ಕುರಿಗಾರನನ್ನು ಆರಿಸಿಕೊಳ್ಳಿರಿ.

ಶಾಲನ್ನು ಮಡಿಸಿಟ್ಟು ತಮ್ಮ ದಾರಿ ಕಾಯುತ್ತಿರುವ
ತಮ್ಮ ವಿಶ್ವಾಸಿ,
ಸಿದ್ದಪ್ಪ

ತಾ.ಕ.: ಬಾಲಮ್ಮನನ್ನು ಬೈಯುವ ಮೊದಲು ಒಂದು ಮಾತು. ಬಿಲ್ಲೆ ಬದಲಿಸುವಾಗ ಎರಡೂ ಕುರಿಗಳ ಕತ್ತನ್ನು ಅಲುಗದಂತೆ ಹಿಡಿದುಕೊಟ್ಟವರು, ಬಿಸಿಲೆಂದು ಅಂದು ತಾವು ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದ ತಮ್ಮ ಶ್ರೀಮತಿ ಸ್ರವಂತಿಯವರು.