ಕಸ್ತೂರಿಬಾಯಿಗೆ ಒಪ್ಪುವ ಬಣ್ಣ

ಬೆಳಗಿನ ಚಹಾದ ಹೊತ್ತಿಗೆ ಸೊಸೆ ಜಯಮಾಲಾ ಮೊಬೈಲ್ ನೋಡುತ್ತ ಗಟ್ಟಿಯಾಗಿ ಓದದೇ ಇದ್ದಿದ್ದರೆ, ಶಾಂತಲಿಂಗಪ್ಪನ ಆ ದಿನವೂ ಉಳಿದ ದಿನಗಳಂತೆ ಕಟ್ಟೆಯ ಮೇಲೆಯೇ ಕಳೆದುಹೋಗುತ್ತಿತ್ತು.

“ಕೇಳ್ರಿ ಅತ್ತಿ, ಹಚ್ಚೋ ಲಿಪ್‌ಸ್ಟಿಕ್ ಮ್ಯಾಲ ಹೆಣ್ಮಕ್ಕಳ ಸ್ವಭಾವ ಹೇಳಬಹುದಂತ. ಕೆಂಪು ಹಚ್ಚಾಕಿ ಧೈರ್ಯದಾಕಿ. ಗುಲಾಬಿ ಹಚ್ಚಾಕಿ ಮೆತ್ತನ ಮನಸಿನಾಕಿ. ಮೆರೂನ್ ಹಚ್ಚಾಕಿ ತಾ ಹೇಳಿದ್ದೇ ನಡೀಬೇಕು ಅನ್ನಾಕಿ. ಕಾಫಿ ಬಣ್ಣದಾಕಿ ಒಳಗಿಂದು ಹೊರಗ ಬಿಡಂಗಿಲ್ಲಂತ.”

ಕಸ್ತೂರಿಬಾಯಿ ಜೋಳ ಹಸನು ಮಾಡುತ್ತಿದ್ದಳು. ಅರವತ್ತಾರು ವರ್ಷದ ಆ ತುಟಿಗಳಿಗೆ ಚಳಿಗಾಲದ ಬೆಣ್ಣೆಯ ಹೊರತು ಬೇರೇನೂ ತಾಗಿರಲಿಲ್ಲ. ಮೊರ ನಿಲ್ಲಿಸಿ ಗಂಡನ ಕಡೆ ನೋಡಿದಳು.

“ನನಗೂ ಒಂದು ತರ್ರಿ.”

ಶಾಂತಲಿಂಗಪ್ಪನ ಬಾಯೊಳಗಿನ ಚಹಾ ಮೂಗಿಗೆ ಏರಿತು. “ಯಾವ ಬಣ್ಣ?”

“ಅದನ್ನ ನೀವೇ ಹೇಳಬೇಕು. ನಲವತ್ತೆಂಟು ವರ್ಷ ಬಾಳೇ ಮಾಡೀರಿ. ನಾ ಹೆಂತಾಕಿ ಅನ್ನೋದು ನಿಮಗ ಬಿಟ್ರ ಅಂಗಡಿಯಾಕಿಗಿ ಗೊತ್ತಿರತದೇನು?”

ದನಿ ಮೆತ್ತಗಿತ್ತು. ಅದೇ ಅವನಿಗೆ ಹೆದರಿಕೆ. ಇಂಥ ಮೆತ್ತನೆಯ ದನಿಯನ್ನು ಅವನು ಹಿಂದೆ ಒಮ್ಮೆ ಮಾತ್ರ ಕೇಳಿದ್ದ, ಅವಳನ್ನು ಕೇಳದೆ ಬಿಳಿ ಹಸುವನ್ನು ಮಾರಿ ಬಂದ ದಿನ. ಆಮೇಲೆ ಒಂದು ತಿಂಗಳು ಮಾತಿಲ್ಲ. ರೊಟ್ಟಿ ಮಾತ್ರ ತಾಟಿಗೆ ಹೆಂಚಿನ ತುಂಡಿನ ಹಾಗೆ ಬಂದು ಬೀಳುತ್ತಿತ್ತು. ಈ ವಯಸ್ಸಿನಲ್ಲಿ ಇನ್ನೊಂದು ತಿಂಗಳು ಅದನ್ನು ತಾಳುವ ಶಕ್ತಿ ಅವನಿಗಿರಲಿಲ್ಲ. ರುಮಾಲು ಸುತ್ತಿಕೊಂಡು ನೆಲೋಗಿಯಿಂದ ಜೇವರ್ಗಿಗೆ ಹೋಗುವ ಬಸ್ಸು ಹತ್ತಿದ.

ಪಕ್ಕದಲ್ಲಿ ಬಂದು ಕೂತವನು ಬಾಲ್ಯದ ಗೆಳೆಯ, ಹೊಲದ ನೆರೆಯವನಾದ ಇಮಾಮಸಾಬ. ಶಾಂತಲಿಂಗಪ್ಪನಿಗೆ ಸುಳ್ಳು ಹೇಳಲು ಬಾರದು. ಕಿವಿಯಲ್ಲಿ ಸಂಗತಿ ಉಸುರಿದ. ಇಮಾಮಸಾಬನಿಗೆ ಪಿಸುಮಾತು ಬಾರದು.

“ಲಿಪ್‌ಸ್ಟಿಕ್ಕಾ? ಕಸ್ತೂರಿ ವೈನಿಗಾ? ಮೆರೂನ್ ತಗೋ ಲೇ! ನನ್ನ ಎಮ್ಮಿ ನಿಮ್ಮ ಹೊಲ ಹೊಕ್ಕಾಗ ಕುಡಗೋಲ ಹಿಡಕೊಂಡು ಹಳ್ಳದ ತನಕ ಓಡಿಸಿದ್ದು ಮರ್ತಿಯೇನು? ಎಮ್ಮಿ ಅಲ್ಲೇ ನಿಂತು ಮೇಯ್ತು. ಓಡಿದಾಂವ ನಾನು!”

ಮುಂದಿನ ಸೀಟಿನಿಂದ ಅಂಗನವಾಡಿಯ ಯಶೋಧರಾ ಸರ್ರನೆ ತಿರುಗಿದಳು. “ಏನ್ ಮಾತಾಡ್ತೀರಿ ಕಾಕಾ? ಗುಲಾಬೀನೇ. ನಾ ಶಾಲಿಗಿ ಹೋಗೋವಾಗ ದಿನಾ ಕರದು ಶೇಂಗಾ ಬೆಲ್ಲ ಕೊಡ್ತಿದ್ರು. ಆ ಕೈಗಿ ಮೆರೂನ್ ಅಂತೀರೇನು?”

“ಕೈಗಲ್ಲವಾ, ತುಟಿಗಿ.”

“ಯಾವ ಬಣ್ಣದಾಕಿನರ ಆಗ್ಲಿ, ಮೊದಲ ಟಿಕೆಟ್ ತಗೋರಿ,” ಎಂದ ಕಂಡಕ್ಟರ್. ಟಿಕೆಟ್ ಹರಿದು ಕೊಟ್ಟ ಮೇಲೆ ಅವನೂ ನಿಂತು, “ಕುಡಗೋಲ ಅಂದ ಮ್ಯಾಲ ಕೆಂಪೇ ಅಲ್ಲೇನ್ರಿ?” ಎಂದ.

ಜೇವರ್ಗಿ ಬರುವಷ್ಟರಲ್ಲಿ ಬಸ್ಸು ಮೂರು ಪಕ್ಷವಾಗಿತ್ತು. ಕಸ್ತೂರಿಬಾಯಿಯನ್ನು ಕನಸಿನಲ್ಲೂ ಕಾಣದ ಇಬ್ಬರು ಹೆಂಗಸರು ಅವಳ ಗುಣದ ಬಗ್ಗೆ ಕೈ ಕೈ ತಿರುಗಿಸಿ ಜಗಳಾಡುತ್ತಿದ್ದರು. ಒಬ್ಬನನ್ನೇ ಬಿಟ್ಟರೆ ಮೋಸಹೋಗುತ್ತಾನೆಂದು ಇಮಾಮಸಾಬ, ಯಶೋಧರಾ ಇಬ್ಬರೂ ಅಂಗಡಿಯವರೆಗೆ ಬೆನ್ನು ಹತ್ತಿದರು.

ಬಳೆ, ಸ್ನೋ, ಪೌಡರು ಮಾರುವ ಹಮೀದಾಬೇಗಂ ಕನ್ನಡಕ ಏರಿಸಿ ಕೂತಳು. “ಅಜ್ಜಾರ, ಮನಷ್ಯಾರು ಹೆಂಗಿದ್ದಾರ ಅಂತ ಹೇಳ್ರಿ. ಬಣ್ಣ ನಾ ಹೇಳ್ತೇನಿ. ಸಿಟ್ಟಿನವರೇನು?”

“ಸಿಟ್ಟು ಅದ. ಆದ್ರ ನನಗ ಟೈಫಾಯ್ಡ್ ಆದಾಗ ಇಪ್ಪತ್ತು ದಿನ ಕಣ್ಣ ಮುಚ್ಚಿಲ್ಲ.”

“ಹಂಗಾರ ಮೆತ್ತನವರು.”

“ಗುಳಿಗಿ ಉಗುಳಿದೆ ಅಂತ ಕಪಾಳಕ್ಕ ಒಂದು ಕೊಟ್ಟಾಳ.”

“ಅಂದ್ರ ಧೈರ್ಯದವರು!”

“ಹಲ್ಲಿ ಕಂಡ್ರ ಓಣಿ ದಾಟ್ತಾಳ.”

ಒಂದೊಂದು ಉತ್ತರಕ್ಕೆ ಹಮೀದಾಬೇಗಂ ಅವನ ಮುಂಗೈ ಮೇಲೆ ಒಂದೊಂದು ಲಿಪ್‌ಸ್ಟಿಕ್ಕಿನ ಗೀಟು ಎಳೆದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಒಂಬತ್ತು ಗೀಟು. ಕೈ ಕೌದಿಯ ಅಂಚಿನಂತಾಯಿತು. ಬಿಸಿಲು ಬೇರೆ. ಬೆವರು ಒರೆಸಿಕೊಳ್ಳಲು ಅದೇ ಕೈಯನ್ನು ಮುಖದ ಮೇಲೆ ಎಳೆದುಕೊಂಡ. ಬಿಳಿ ಮೀಸೆ ಗುಲಾಬಿಯಾಯಿತು, ಮೂಗು ಮೆರೂನಾಯಿತು. ಇಮಾಮಸಾಬ ನಗು ತಡೆಯಲಾರದೆ ಅಂಗಡಿಯ ಕಂಬ ಹಿಡಿದುಕೊಂಡ. ಹಮೀದಾಬೇಗಂ ಕನ್ನಡಿ ಕೊಟ್ಟಳು.

ಶಾಂತಲಿಂಗಪ್ಪ ಕನ್ನಡಿ ನೋಡಿ ನಗಲಿಲ್ಲ. ಬಾಯಿಯ ಮೂಲೆಯಲ್ಲಿ ಹತ್ತಿದ್ದ ಒಂದು ಬಣ್ಣದ ಮೇಲೆ ಅವನ ಕಣ್ಣು ನೆಟ್ಟಿತು. ಇಟ್ಟಂಗಿಗಿಂತ ಗಾಢ, ಕುಂಕುಮಕ್ಕಿಂತ ತುಸು ಮಾಸಲು. ಎಲೆ ಅಡಿಕೆಯ ಕೆಂಪು.

ಅಂದೋಲಾ ಊರಿಗೆ ಹೆಣ್ಣು ನೋಡಲು ಹೋದ ದಿನ ಅವನಿಗೆ ಇಪ್ಪತ್ತೆರಡು. ನಾಚಿಕೆಗೆ ಕತ್ತು ಬಗ್ಗಿಸಿ ಕಂಬಳಿಯ ಪಟ್ಟೆ ಎಣಿಸುತ್ತ ಕೂತಿದ್ದ. ಹಸಿರು ಸೀರೆಯ ಅಂಚೊಂದು ಎದುರು ಬಂದು ನಿಂತಿತು. ಚುರಮುರಿ ಸುಸಲಾದ ತಾಟು ಕೆಳಗಿಟ್ಟ ಕೈ. ಅವನು ಗೇಣಷ್ಟೇ ಕಣ್ಣು ಎತ್ತಿದ. ಮೂಗಿನವರೆಗೆ ಎಳೆದ ಸೆರಗು. ಅದರ ಕೆಳಗೆ ಎಲೆ ಹಾಕಿ ಕೆಂಪಾದ ಎರಡು ತುಟಿ, ನಗು ಬಿಗಿಹಿಡಿದು ನಡುಗುತ್ತಿದ್ದವು. ಅಷ್ಟೇ ನೋಡಿದ್ದು. ಹೊರಗೆ ಬಂದು ಅಪ್ಪನಿಗೆ ಹೂಂ ಅಂದುಬಿಟ್ಟಿದ್ದ. ಮದುವೆಯಾದ ಮೇಲೆ ಹೊಲ, ದನ, ಮಕ್ಕಳು. ಆ ಕೆಂಪು ಎಲ್ಲಿ ಹೋಯಿತೆಂದು ಕೇಳಲು ಪುರಸೊತ್ತೇ ಆಗಲಿಲ್ಲ. ಆದರೆ ಬಿತ್ತುವಾಗ, ಹರಗುವಾಗ, ಒಬ್ಬನೇ ಇದ್ದಾಗಲೆಲ್ಲ ಅದು ಕಣ್ಣ ಮುಂದೆ ಬರುತ್ತಿತ್ತು.

“ಇದೇ ಕೊಡ್ರಿ,” ಎಂದ.

“ಇದು ಹೆಂತಾ ಸ್ವಭಾವದ್ದಂತ?” ಯಶೋಧರಾ ಕೇಳಿದಳು.

“ಅದು ನನಗ ಗೊತ್ತದ,” ಎಂದ ಶಾಂತಲಿಂಗಪ್ಪ. ಆ ದಿನ ಅವನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು.

ಊರಿಗೆ ಬರುವಷ್ಟರಲ್ಲಿ ಇಮಾಮಸಾಬನ ಫೋನು ಮುಂದಾಗಿ ಬಂದಿತ್ತು. ಪಡಸಾಲೆಯ ತುಂಬ ಓಣಿಯ ಹೆಂಗಸರು. ಗುಲಾಬಿ ಮೀಸೆಯ ಶಾಂತಲಿಂಗಪ್ಪ ಹೊಸ್ತಿಲು ದಾಟಿ ಲಿಪ್‌ಸ್ಟಿಕ್ಕಿನ ಡಬ್ಬಿಯನ್ನು ಹೆಂಡತಿಯ ಕೈಗಿಟ್ಟ. ಕಸ್ತೂರಿಬಾಯಿ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದಳು.

“ಇದೇ ಯಾಕ?”

ನಲವತ್ತೆಂಟು ವರ್ಷ ಯಾರ ಮುಂದೂ ಹೇಳದ ಮಾತನ್ನು ಅವನು ಓಣಿಯ ಮುಂದೆ ಹೇಳಿದ. ಕಂಬಳಿ, ಹಸಿರು ಅಂಚು, ಸುಸಲಾದ ತಾಟು, ಸೆರಗಿನ ಕೆಳಗಿನ ಕೆಂಪು ತುಟಿ. ಜಯಮಾಲಾ ಕಣ್ಣೊರೆಸಿಕೊಂಡಳು. ಇಮಾಮಸಾಬ ಸುದ್ದಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕಸ್ತೂರಿಬಾಯಿಯ ಗದ್ದ ನಡುಗಿತು. ಅಳುತ್ತಾಳೆಂದು ಎಲ್ಲರೂ ಉಸಿರು ಹಿಡಿದರು.

ಅವಳು ನಕ್ಕಳು. ಮಡಿಲೊಳಗಿನ ಜೋಳವೆಲ್ಲ ಚೆಲ್ಲುವಂತೆ ನಕ್ಕಳು.

“ಆ ತಾಟ ತಂದಿಟ್ಟಾಕಿ ನಾ ಅಲ್ರಿ! ನಮ್ಮವ್ವ!”

“ನಿಮ್ಮವ್ವ?”

“ನೀಲಮ್ಮವ್ವ! ಅಳಿಯ ಆಗಾಂವಗ ಮಾರಿ ತೋರಿಸಬಾರದಂತ ಸೆರಗ ಎಳಕೊಂಡಿದ್ಳು. ದಿನಕ್ಕ ಇಪ್ಪತ್ತು ಎಲಿ ಹಾಕಾಕಿ. ಆಗ ಅವ್ವಗ ಮೂವತ್ತೈದು ಸುದ್ದಾ ಆಗಿರಲಿಲ್ಲ. ನಾ ಜನ್ಮದಾಗ ಎಲಿ ಮುಟ್ಟಿಲ್ಲ. ಹಿಂದಿಂದ ಬಂದು ನಿಮ್ಮ ಮುಂದೇ ಕುಂತೆ. ನೀವು ಕತ್ತ ಎತ್ತಲೇ ಇಲ್ಲ!”

ಶಾಂತಲಿಂಗಪ್ಪ ಕಂಬಕ್ಕೆ ಒರಗಿದ. ಸಾಯುವವರೆಗೂ ಅವನನ್ನು ಬೈಯದೆ ಒಂದು ಹಬ್ಬವನ್ನೂ ಮುಗಿಸದ ಅತ್ತೆ! ಓಣಿಯವರ ನಗೆ ಮಾಡಿನವರೆಗೆ ಏರಿತು. ಇಮಾಮಸಾಬ ಟೋಪಿಯನ್ನು ಬಾಯಿಗೇ ತುರುಕಿಕೊಂಡ.

ನಗು ಇಳಿದ ಮೇಲೆ ಅವನು ಸಣ್ಣಗೆ ಕೇಳಿದ, “ಅವತ್ತ ನೀ ನನ್ನ ನೋಡಿದ್ದೇನು?”

“ಚಂದಂಗ ನೋಡಿದ್ದೆ. ಅಂಜಿ ನಿಮ್ಮ ತುಟಿ ಒಣಗಿ ಬೆಳ್ಳಗಾಗಿದ್ವು. ಪಾಪ, ಈತಗ ಯಾರೂ ನೀರು ಸುದ್ದಾ ಕೊಡವಲ್ರಲ್ಲ ಅನಿಸ್ತು. ಅದಕ್ಕ ಹೂಂ ಅಂದೆ.”

ಸೆರಗಿನಿಂದ ಅವನ ಮೂಗಿನ ಮೆರೂನು ಒರೆಸಿದಳು. ಡಬ್ಬಿಗೆ ಮುಚ್ಚಳ ಹಾಕಿ, ಗೋಡೆಯ ಮೇಲಿದ್ದ ತಾಯಿಯ ಫೋಟೋದ ಕೆಳಗೆ ಇಟ್ಟಳು.

“ಇದು ಅವ್ವಂದಾತು. ನನ್ನ ಬಣ್ಣ ಯಾವುದಂತ ನಾಳಿ ನೋಡಕೊಂಡು ಬರ್ರಿ. ಮೊದಲ ಬಸ್ ಏಳಕ್ಕದ.”

ಈಗಲಾದರೂ ಸರಿಯಾಗಿ ನೋಡಿಕೊಳ್ಳೋಣವೆಂದು ಶಾಂತಲಿಂಗಪ್ಪ ಕತ್ತು ಎತ್ತಿದ. ಅಷ್ಟರಲ್ಲಿ ಕಸ್ತೂರಿಬಾಯಿ ಬೆನ್ನು ತಿರುಗಿಸಿ, ರೊಟ್ಟಿ ಬಡಿಯಲು ಒಳಗೆ ಹೋಗಿಬಿಟ್ಟಿದ್ದಳು.