ಬಾಗಿಲಾಚೆಯ ಪರೀಕ್ಷೆ

ಎಲ್ಲಕ್ಕೂ ಮೂಲ ಮಲಾಕಿ ಮಾಮನ ಕಾಲಿನ ಹೆಬ್ಬೆರಳು.

ಅದು ವಾತದಿಂದ ಊದಿಕೊಂಡು ಬೆಳಗಿನ ಬಿಸಿಲಿನಲ್ಲಿ ಮಾಗಿದ ಟೊಮೆಟೊದಂತೆ ಹೊಳೆಯುತ್ತಿತ್ತು. ಫಿಲೆಮೋನಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊಸಿಲು ದಾಟುವುದಕ್ಕೂ, ಪಕ್ಕದ ಮನೆಯ ಮಲಾಕಿ ಮಾಮ ಮೆಟ್ಟಿಲಿಗೆ ಅಡ್ಡವಾಗಿ ಆ ಕಾಲು ಚಾಚುವುದಕ್ಕೂ ಸರಿಹೋಯಿತು.

“ಡಾಕ್ಟ್ರೇ, ಸ್ವಲ್ಪ ನೋಡ್ಬಿಟ್ಟು ಹೋಗಿ.”

“ಮಾಮ, ನಾನಿನ್ನೂ ಡಾಕ್ಟ್ರಲ್ಲ. ಮೆಡಿಕಲ್ ಸೀಟೇ ಸಿಕ್ಕಿಲ್ಲ. ಅದರ ಸಂದರ್ಶನಕ್ಕೇ ಈಗ ಹೊರಟಿರೋದು.”

“ಸಿಗುತ್ತೆ ಬಿಡೋ. ಸೀಟಿನ ವಿಷ್ಯ ಬೆರಳಿಗೇನು ಗೊತ್ತು?”

ಆಕ್ಲೆಂಡಿನ ದಕ್ಷಿಣದ ಅಂಚಿನ ಆ ಬೀದಿಯಲ್ಲಿ ಮುಕ್ಕಾಲು ಪಾಲು ಸಮೋವಾದವರದೇ ಮನೆ. ಫಿಲೆಮೋನಿ ಬಿ.ಎಸ್ಸಿ. ಸೇರಿದ ದಿನದಿಂದಲೇ ಅವರಿಗೆಲ್ಲ ಡಾಕ್ಟರು. ಪ್ರಾರ್ಥನೆ ಮುಗಿದು ಚರ್ಚಿನಿಂದ ಹೊರಬಿದ್ದರೆ ಸಾಕು, ಯಾರದೋ ಬೆನ್ನು, ಯಾರದೋ ಗಂಟಲು, ಯಾರದೋ ಬೊಕ್ಕೆ ಅವನಿಗಾಗಿ ಕಾದಿರುತ್ತಿತ್ತು. ಹೋದ ವರ್ಷ ಇದೇ ಸಂದರ್ಶನದಲ್ಲಿ ಅವನು ನಪಾಸಾಗಿದ್ದ. ಈ ಸಲವೂ ಆದರೆ ಮತ್ತೆ ಕೂರುವ ಹಾಗಿಲ್ಲವೆಂದು ಕಾಲೇಜಿನ ನಿಯಮ. ಹಗಲು ತರಗತಿ, ಸಂಜೆ ಅಂಗಡಿಯಲ್ಲಿ ಡಬ್ಬಿ ಜೋಡಿಸುವ ಕೆಲಸ, ಆಮೇಲೆ ಓದು. ಹೀಗಾಗಿ ಅವನ ಕಣ್ಣುಗಳು ಎಷ್ಟೋ ಕಾಲದಿಂದ ಪೂರ್ತಿ ತೆರೆದದ್ದೂ ಇಲ್ಲ, ಪೂರ್ತಿ ಮುಚ್ಚಿದ್ದೂ ಇಲ್ಲ.

ಒಳಗೆ ಅವನನ್ನು ಸಾಕಿದ ಫೆತುವಾವೋ ದೊಡ್ಡಮ್ಮ ಬಣ್ಣಬಣ್ಣದ ಮಿಠಾಯಿಗಳನ್ನು ಪೋಣಿಸಿ ಹಾರ ಮಾಡುತ್ತಿದ್ದಳು. ಗೆದ್ದು ಬಂದವರ ಕೊರಳಿಗೆ ಹಾಕುವ ಹಾರ.

“ಸೋತು ಬಂದ್ರೆ ಏನ್ಮಾಡ್ತೀಯ ದೊಡ್ಡಮ್ಮ?”

“ಅಯ್ಯೋ, ಇಷ್ಟು ಮಿಠಾಯಿ ದಂಡ ಆಗುತ್ತಲ್ಲೋ! ಹಂಗೆಲ್ಲ ಮಾಡ್ಬೇಡ.”

ಮಲಾಕಿ ಮಾಮ ದನಿ ತಗ್ಗಿಸಿದ. “ಒಂದು ಗುಟ್ಟು ಹೇಳ್ತೀನಿ, ಕೇಳು. ನನ್ನ ಹೆಂಡ್ತಿಯ ತಮ್ಮನ ಷಡ್ಡಕನ ಮಗ ಈ ಸಂದರ್ಶನಕ್ಕೆ ಹೋಗಿದ್ದ. ಒಳಗೆ ಕೇಳೋದೆಲ್ಲ ನೆಪ. ನಿಜವಾದ ಪರೀಕ್ಷೆ ಬಾಗಿಲಾಚೆ! ದಾರೀಲೇ ನಟರನ್ನ ಬಿಟ್ಟಿರ್ತಾರಂತೆ. ಅಳೋರು, ಬೈಯೋರು, ಮೂಟೆ ಹೊತ್ತೋರು. ಕಂಡೂ ಕಾಣದ ಹಾಗೆ ದಾಟ್ಕೊಂಡು ಹೋದ್ಯೋ, ಕೆಟ್ಟೆ!”

ಫಿಲೆಮೋನಿ ನಗಬೇಕೆಂದಿದ್ದ. ಆದರೆ ಒಳಗಿನ ಕೋಣೆಗಳಲ್ಲಿ ನಟರಿರುವುದು ನಿಜವೇ. ಗಂಟೆ ಬಾರಿಸಿದಂತೆಲ್ಲ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಬೇಕು. ಕೆಲವು ಕೋಣೆಗಳಲ್ಲಿ ರೋಗಿಯ ವೇಷದ ನಟರು ಗೋಳಾಡುತ್ತಾರೆ, ಹುಡುಗರು ಸಮಾಧಾನ ಹೇಳಬೇಕು. ನಡುವೆ ದಣಿವಾರಿಸಿಕೊಳ್ಳಲು ಒಂದು ಖಾಲಿ ಕೋಣೆ. ಒಳಗೆ ಇರುವ ನಟರು ಹೊರಗೆ ಯಾಕಿರಬಾರದು? ನಿದ್ದೆಗೆಟ್ಟ ತಲೆಗೆ ಈ ಮಾತು ಉತ್ತರಾಣಿ ಮುಳ್ಳಿನಂತೆ ಅಂಟಿಕೊಂಡಿತು.

ಬಸ್ಸು ನಿಲ್ಲುವಲ್ಲಿ ಒಬ್ಬ ಮುದುಕಿ ಕೆಸವಿನ ಗಡ್ಡೆಯ ಮೂಟೆ ಇಟ್ಟುಕೊಂಡು ಉಸಿರುಬಿಡುತ್ತ ನಿಂತಿದ್ದಳು. ಮೂಟೆ! ಶುರುವಾಯಿತು ಪರೀಕ್ಷೆ.

“ಅಜ್ಜಿ, ಕೊಡಿ ಇಲ್ಲಿ. ಈ ಮೂಟೆ ಹೊರುವಾಗ ನಿಮಗೆ ಏನನ್ನಿಸುತ್ತೆ?”

“ಏನನ್ನಿಸುತ್ತೆ? ಭಾರ ಅನ್ನಿಸುತ್ತೆ!”

ಎಂಥ ಸಹಜ ಅಭಿನಯ ಎಂದುಕೊಂಡು ಅವನು ಮೂಟೆ ಹೊತ್ತ. ಅವಳ ಮನೆ ದಿಬ್ಬದ ಮೇಲಿತ್ತು. ಬಸ್ಸು ಬಂತು, ಅವನನ್ನು ನೋಡಿತು, ಹೋಯಿತು. ಬಾಗಿಲಲ್ಲಿ ಮೂಟೆ ಇಳಿಸಿ, ಅಡಗಿ ನೋಡುತ್ತಿರಬಹುದಾದ ಪರೀಕ್ಷಕರಿಗೆಂದು ಮರದ ಕಡೆಗೂ ಕಿಟಕಿಯ ಕಡೆಗೂ ಒಂದೊಂದು ಮುಗುಳ್ನಗೆ ಚೆಲ್ಲಿ, “ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ” ಎಂದ.

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಮಗಾ, ನೀನು ಟೀವಿಯವನಾ? ಕ್ಯಾಮೆರಾ ಎಲ್ಲಿಟ್ಟಿದ್ದೀರಿ?”

ಬಸ್ಸು ತಪ್ಪಿ ರೈಲು ಹತ್ತಿದ ಫಿಲೆಮೋನಿ ಅಲ್ಲಿ ಒಬ್ಬ ದಪ್ಪ ಮನುಷ್ಯನ ಕಾಲು ತುಳಿದ. ಆತ ಬೈಗುಳ ಶುರುಮಾಡಿದ. ಬೈಯುವವನ ಪಾತ್ರ ಇದೇ ಎಂದು ತಿಳಿದ ಫಿಲೆಮೋನಿ ಕೈ ಜೋಡಿಸಿ, ತಲೆ ಆಡಿಸುತ್ತ, ಪ್ರವಚನ ಕೇಳುವವನಂತೆ ನಿಂತ.

“ನಿಮ್ಮ ಕೋಪಕ್ಕೆ ಅರ್ಥ ಇದೆ. ಇನ್ನೂ ಸ್ವಲ್ಪ ಹೇಳಿ.”

“ಇನ್ನೂ ಬೇಕೇನೋ ನಿನಗೆ?” ಎಂದು ಆತ ಕೊನೆಯ ನಿಲ್ದಾಣದವರೆಗೂ ಹೇಳಿದ. ಹೆಂಡತಿಯನ್ನು ಬೈದ, ಮೇಲಧಿಕಾರಿಯನ್ನು ಬೈದ, ಸರ್ಕಾರವನ್ನು ಬೈದ. ಕಡೆಗೆ ಫಿಲೆಮೋನಿಯ ಹೆಗಲ ಮೇಲೆ ಮುಖವಿಟ್ಟು ಅತ್ತ. ಅಂಗಿಯ ಒಂದು ಹೆಗಲಲ್ಲಿ ಕೆಸವಿನ ಮಣ್ಣಿತ್ತು, ಇನ್ನೊಂದರಲ್ಲಿ ಕಣ್ಣೀರು.

ಕಾಲೇಜು ಮುಟ್ಟುವ ಹೊತ್ತಿಗೆ ಅವನ ಕರುಣೆಯ ಗಡಿಗೆಯ ತಳ ಕಂಡಿತ್ತು. ಮೊದಲ ಕೋಣೆಯಲ್ಲಿ ಹೆಸರು ಹೇಳುವಾಗ ದೊಡ್ಡಮ್ಮನ ಹೆಸರು ಹೇಳಿದ. ಎರಡನೆಯದರಲ್ಲಿ ರೋಗಿಗೆ ಹೇಳಬೇಕಾದ ಸಮಾಧಾನವನ್ನು ಮೇಜಿಗೆ ಹೇಳಿದ. ಚಿಕ್ಕಂದಿನಲ್ಲಿ ಮಕ್ಕಳು ಬಿಳಿ ಬಟ್ಟೆ ತೊಟ್ಟು ಪದ್ಯ ಒಪ್ಪಿಸುವ ‘ಬಿಳಿ ಭಾನುವಾರ’ದ ಹಬ್ಬದಂದು ಚರ್ಚು ತುಂಬ ಜನರೆದುರು ಬಾಯಿಪಾಠದ ಪದ್ಯ ಮರೆತು ನಿಂತಿದ್ದನಲ್ಲ, ಅಂದಿನ ಹಾಗೆಯೇ ಇಲ್ಲೂ ಕಲಿತದ್ದೆಲ್ಲ ಮರೆಯಿತು. ಗಂಟೆ ಬಾರಿಸಿದಾಗಲೆಲ್ಲ ಅವನು ಕೇಳಿಕೊಂಡದ್ದು ಒಂದೇ: ದೇವರೇ, ಆ ಖಾಲಿ ಕೋಣೆ ಯಾವಾಗ?

ಮುಂದಿನ ಕೋಣೆಯಲ್ಲಿ ಮಂದ ಬೆಳಕಿತ್ತು, ಒಂದು ಸೋಫಾ ಇತ್ತು. ಬಾಗಿಲಿಗೆ ಅಂಟಿಸಿದ್ದ ಸೂಚನೆ ಓದುವಷ್ಟು ಕಣ್ಣು ಅವನಲ್ಲಿ ಉಳಿದಿರಲಿಲ್ಲ. ಸೋಫಾದ ಮೇಲೆ ಟೈ ಸಡಿಲಿಸಿಕೊಂಡು ಒಬ್ಬಾತ ಕುಸಿದು ಕೂತಿದ್ದ. ಪಾಪ, ಇವನಿಗೂ ವಿಶ್ರಾಂತಿ ಎಂದುಕೊಂಡ ಫಿಲೆಮೋನಿ.

“ಬಾಗಿಲು ಹಾಕ್ಕೊಳಪ್ಪ,” ಎಂದ ಆತ. “ರಾತ್ರಿಯೆಲ್ಲ ನಿದ್ದೆ ಇಲ್ಲ. ಕಂಡಕಂಡೋರೆಲ್ಲ ನನ್ನಿಂದ ಏನಾದ್ರೂ ಕೇಳ್ತಾರೆ.”

“ನನ್ನದೂ ಅದೇ ಪಾಡು ಅಣ್ಣ. ಸ್ವಲ್ಪ ಆ ಕಡೆ ಸರೀತೀರಾ?”

ಆತ ಬೆಚ್ಚಿ, ಗೋಡೆಯ ಕಪ್ಪು ಗಾಜಿನ ಕಡೆ ಒಮ್ಮೆ ನೋಡಿ, ಸರಿದ. “ಮನೇಲಿ ನನ್ನ ಮಾತು ಯಾರೂ ಕೇಳಲ್ಲ.”

“ಪುಣ್ಯವಂತರು. ನನ್ನ ಮಾತು ಇಡೀ ಬೀದಿ ಕೇಳುತ್ತೆ. ಕೇಳ್ಬಿಟ್ಟು ಹೆಬ್ಬೆರಳು ತೋರಿಸುತ್ತೆ.”

“ಈ ಕೆಲಸ ಬಿಟ್ಬಿಡೋಣ ಅನ್ನಿಸ್ತಿದೆ.”

“ಬಿಡಿ ಅಣ್ಣ. ಬಿಟ್ರೆ ಮಾತ್ರ ನನಗೊಂದು ಮಾತು ಹೇಳಿ. ಕೂತ್ಕೊಂಡು ಮಾಡೋ ಕೆಲಸ ಆದ್ರೆ ನಾನೇ ಬರ್ತೀನಿ,” ಎಂದ ಫಿಲೆಮೋನಿ, ಆತನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದ.

“ತಮ್ಮಾ, ಗಂಟೆ ಹೊಡೀತು,” ಎಂದು ಆತನೇ ಎಬ್ಬಿಸಿ ಕಳಿಸಿದ.

ಪಕ್ಕದ ಕೋಣೆಯಲ್ಲಿ ಒಂದು ಖಾಲಿ ಕುರ್ಚಿ, ಒಂದು ಲೋಟ ನೀರು. ಮತ್ತೇನೂ ಇಲ್ಲ, ಯಾರೂ ಇಲ್ಲ. ಫಿಲೆಮೋನಿ ಲೋಟವನ್ನು ನೋಡಿದ. ಖಾಲಿ ಕೋಣೆ ಇದು. ಹಾಗಾದರೆ ಸೋಫಾದ ಆ ಅಣ್ಣ ನಟನೇ? ಲೋಟ ಎತ್ತಿದವನು ಕುಡಿಯದೆ ಕೆಳಗಿಟ್ಟ.

ಎಲ್ಲ ಮುಗಿದು ಹೊರಬೀಳುವಾಗ ಬೆಳ್ಳಿಗೂದಲಿನ ಹೆಂಗಸೊಬ್ಬಳು ಓಡಿಬಂದು ಅವನ ಕೈ ಹಿಡಿದಳು. “ನಿಲ್ಲಪ್ಪ! ಗಾಜಿನ ಹಿಂದಿನಿಂದ ಎಲ್ಲ ನೋಡ್ದೆ. ಇಷ್ಟು ವರ್ಷದಲ್ಲಿ ಇಂಥದ್ದು ಕಂಡಿಲ್ಲ. ನೀನು ನಮಗೆ ಬೇಕೇ ಬೇಕು.”

ಫಿಲೆಮೋನಿಯ ಕಣ್ಣು ಆ ದಿನ ಮೊದಲ ಬಾರಿಗೆ ಪೂರ್ತಿ ತೆರೆಯಿತು. ಮುದುಕಿ, ಮೂಟೆ, ರೈಲಿನ ಕಣ್ಣೀರು, ಯಾವುದೂ ವ್ಯರ್ಥವಾಗಲಿಲ್ಲ!

“ಸೀಟು ಸಿಕ್ತಾ ಮೇಡಂ?”

“ಸೀಟಾ? ನಾನು ನಟರಿಗೆ ತರಬೇತಿ ಕೊಡೋಳು. ಸೋಫಾದಲ್ಲಿದ್ರಲ್ಲ, ಅವರು ಮುಂದಿನ ವರ್ಷ ಬರಲ್ಲವಂತೆ, ಈಗಷ್ಟೇ ಕೆಲಸ ಬಿಟ್ರು. ನಿಜವಾದ ದಣಿವು ನೋಡಿದ್ಮೇಲೆ ತನ್ನದು ಬರೀ ನಾಟಕ ಅನ್ನಿಸ್ತಂತೆ. ಬಿಟ್ರೆ ಹೇಳಿ ಅಂದಿದ್ದೆಯಂತಲ್ಲ? ಆ ಪಾತ್ರ ನಿನಗೇ.”

“ಆದ್ರೆ ಮುಂದಿನ ವರ್ಷ ನಾನಿಲ್ಲಿ ವಿದ್ಯಾರ್ಥಿಯಾಗಿದ್ರೆ? ವಿದ್ಯಾರ್ಥಿಗಳು ಈ ಕೆಲಸ ಮಾಡ್ಬಹುದಾ?”

“ಮಾಡೋ ಹಾಗಿಲ್ಲಪ್ಪ,” ಎಂದು ಆಕೆ ಅವನ ಮಣ್ಣಾದ ಹೆಗಲನ್ನು ಮೆಲ್ಲಗೆ ಕೊಡವಿದಳು. “ಅದಕ್ಕೇ ನಿನ್ನ ಫಲಿತಾಂಶ ಏನಂತ ಅಂಕ ಕೊಡೋರನ್ನ ಮೊದ್ಲು ವಿಚಾರಿಸ್ಕೊಂಡೇ ನಿನ್ನ ಹತ್ರ ಬಂದೆ.”

ಸಂಜೆ ಗೇಟಿನಲ್ಲೇ ದೊಡ್ಡಮ್ಮ ನಿಂತಿದ್ದಳು. ಹಿಂದೆ ಬೀದಿಯೇ ನಿಂತಿತ್ತು.

“ಕಾಲೇಜಿನವರು ತಗೊಂಡ್ರೇನೋ?”

“ತಗೊಂಡ್ರು ದೊಡ್ಡಮ್ಮ, ಆದ್ರೆ...”

‘ಆದ್ರೆ’ ಸ್ತೋತ್ರದ ಹಾಡಿನಲ್ಲಿ ಮುಳುಗಿಹೋಯಿತು. ಮಿಠಾಯಿ ಹಾರ ಕೊರಳಿಗೆ ಬಿತ್ತು. ಪ್ರಾರ್ಥನೆಯಲ್ಲಿ ದೊಡ್ಡಮ್ಮ ಅವನ ಹೆಸರನ್ನು ಬಿಡುವು ಕೊಡದೆ ಮತ್ತೆ ಮತ್ತೆ ದೇವರಿಗೆ ಒಪ್ಪಿಸಿದಳು. ಆಮೆನ್ ಆದ ಮೇಲೆ ಹೇಳೋಣವೆಂದು ಬಾಯಿ ತೆರೆದರೆ, ಯಾರೋ ಅದಕ್ಕೆ ತೆಂಗಿನಹಾಲಿನ ಬನ್ನು ತುರುಕಿದರು.

ಅಷ್ಟರಲ್ಲಿ ಕೂತಿದ್ದ ಅವನ ತೊಡೆಯ ಮೇಲೆ ಭಾರವಾದದ್ದೇನೋ ಬಂದು ಬಿತ್ತು. ಮಲಾಕಿ ಮಾಮನ ಕಾಲು.

“ಈಗಲಾದ್ರೂ ನೋಡ್ಬಹುದಲ್ಲ, ಡಾಕ್ಟ್ರೇ?”

ಫಿಲೆಮೋನಿ ಬನ್ನು ನುಂಗಿದ. ಹೆಬ್ಬೆರಳನ್ನು ಮೆಲ್ಲಗೆ ಒತ್ತಿದ. ಮಾಮ ಕಣ್ಣು ಕಿರಿದು ಮಾಡಿ, ತುಟಿ ಸೊಟ್ಟ ಮಾಡಿ, “ಅಯ್ಯಯ್ಯಪ್ಪಾ!” ಎಂದ.

“ಇನ್ನೊಂದ್ಸಲ ಮಾಮ,” ಎಂದ ಫಿಲೆಮೋನಿ, ಅವನ ಮುಖವನ್ನೇ ದಿಟ್ಟಿಸುತ್ತ, ತನ್ನ ತುಟಿಯನ್ನೂ ಹಾಗೇ ಸೊಟ್ಟ ಮಾಡುತ್ತ. “ಸ್ವಲ್ಪ ನಿಧಾನವಾಗಿ. ಕಲೀಬೇಕು ನಾನು.”

“ನೋಡಿದ್ರಾ!” ಎಂದು ಮಲಾಕಿ ಮಾಮ ನೋವಿನಲ್ಲೂ ಬೀದಿಗೆಲ್ಲ ಕೇಳುವಂತೆ ಕೂಗಿದ. “ಸೀಟು ಸಿಕ್ಕ ದಿನವೇ ಕೆಲಸ ಶುರು ಹಚ್ಕೊಂಡ!”