ಎತ್ತದಿದ್ದರೆ ಕ್ಷೇಮ

ಫೋನಿಗೂ ನನಗೂ ಯಾವ ಜನ್ಮದ ಹಗೆಯೋ ಗೊತ್ತಿಲ್ಲ. ಒಂದು ಫಜೀತಿ ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತದೆ. ಈಗ ನೆನೆಸಿಕೊಂಡು ನಗುತ್ತೇನೆ. ಆಗ ಅತ್ತದ್ದು ಮಾತ್ರ ಸುಳ್ಳಲ್ಲ.

ಮೊದಲ ಗಂಟೆ

ಎಂಬತ್ತರ ದಶಕದ ಮಾತು. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಷಿನ್ ರಿಪೇರಿ ಕೆಲಸದಲ್ಲಿದ್ದೆ. ಮನೆ ರಾಜಗೋಪಾಲನಗರದ ಒಂದು ವಠಾರದಲ್ಲಿ. ಎಂಟು ಮನೆ, ಒಂದೇ ಸಾಲು, ನಡುವಿನ ಗೋಡೆ ಇದ್ದೂ ಇಲ್ಲದ ಹಾಗೆ. ನಾನು ಒಂಚೂರು ದನಿ ಎತ್ತಿದರೆ ಸಾಕು, ಪಕ್ಕದ ಮನೆಗೆ ಕೇಳುತ್ತದೆಂದು ಹೆಂಡತಿ "ಶ್ಶ್... ಶ್ಶ್..." ಎನ್ನುತ್ತಿದ್ದಳು. ಗಂಡನ ಹೆಸರು ಹೇಳಬಾರದು ಎಂದು ಬೆಳೆದವಳು. ನನ್ನನ್ನು ಕರೆಯುವುದಕ್ಕೂ, ಗದರುವುದಕ್ಕೂ, ಸಮಾಧಾನ ಮಾಡುವುದಕ್ಕೂ ಅವಳಿಗೆ ಆ ಒಂದು ಸದ್ದೇ ಸಾಕಾಗಿತ್ತು.

ವಠಾರದ ಒಡೆಯರು ಗೌಡರು. ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು, ಸುತ್ತ ಕಾರ್ಖಾನೆ ಎದ್ದ ಮೇಲೆ ಬಾಡಿಗೆ ಬೆಳೆಯತೊಡಗಿದರು. ಎಷ್ಟೋ ವರ್ಷ ಕಾದ ಮೇಲೆ ಅವರ ಮನೆಗೆ ಫೋನು ಬಂತು. ನಮ್ಮ ಬೀದಿಗೆ ಅದೊಂದೇ. ಅವರ ಹೆಂಡತಿ ಗೌಡಮ್ಮ ಅದಕ್ಕೆ ಕುಂಕುಮ ಇಟ್ಟು, ಕಸೂತಿ ಬಟ್ಟೆ ಹೊದಿಸಿ, ನಡುಮನೆಯ ಸ್ಟೂಲಿನ ಮೇಲೆ ಕೂರಿಸಿದರು.

ಆಗ ಫೋನು ಬಂತೆಂದರೆ ಯಾರೋ ಹೋದರು ಎಂದೇ ಅರ್ಥ. ಬದುಕಿರುವವರ ವಿಷಯ ಹೇಳಲು ಕಾಗದ ಇರುವಾಗ ಫೋನು ಯಾಕೆ ಮಾಡುತ್ತಾರೆ? ಹೀಗಾಗಿ ಕಸೂತಿ ಬಟ್ಟೆ ಹೊದಿಸಿದ ಒಂದು ಗಂಟೆಯಲ್ಲೇ ಫೋನು ಬಡಿದುಕೊಂಡಾಗ ವಠಾರಕ್ಕೆ ವಠಾರವೇ ಓಡಿಬಂತು. ಗೌಡರು ಎತ್ತುವ ಮೊದಲೇ ಇಬ್ಬರು ಹೆಂಗಸರು ಅಳಲು ಶುರುಮಾಡಿದ್ದರು. ಯಾರಿಗೆ ಎಂದು ಗೊತ್ತಾದ ಮೇಲೆ ಅತ್ತರಾಯಿತು ಎಂದು ಕಾಯುವ ಜನ ನಮ್ಮವರಲ್ಲ. ಗೌಡರು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡು, ಬೆವರು ಒರೆಸಿಕೊಂಡು ಕೆಳಗಿಟ್ಟರು. ಲೈನು ಸರಿಯಾಗಿದೆಯೇ ಎಂದು ಲೈನ್‌ಮ್ಯಾನ್ ನೋಡಿದ್ದನಂತೆ.

ಗೌಡಮ್ಮ ಎಲ್ಲರ ಕಡೆ ತಿರುಗಿ ಹೇಳಿದರು: "ಯಾರೂ ಸತ್ತಿಲ್ವಂತೆ ಕಣ್ರವ್ವಾ. ಬಂದಿದ್ದು ಬಂದಿದ್ದೀರ, ಕಾಪಿ ಕುಡ್ಕೊಂಡ್ ವೋಗಿ."

ಫೋರ್ಮನ್ ಹೇಳಿಕೊಟ್ಟ ಉಪಾಯ

ಅದಾಗಿ ಒಂದು ವರ್ಷಕ್ಕೆ ಕಾರ್ಖಾನೆಯವರು ಹೊಸ ಮೆಷಿನ್ ಕಲಿಯಲು ನನ್ನನ್ನು ಎಂಟು ತಿಂಗಳು ಜರ್ಮನಿಗೆ ಕಳಿಸುತ್ತೇವೆ ಎಂದರು. ಬೇರೆಯವರಾಗಿದ್ದರೆ ಕುಣಿಯುತ್ತಿದ್ದರು. ನನಗೆ ಅನ್ನ ಇಳಿಯಲಿಲ್ಲ. ಹೆಂಡತಿಗೆ ಎರಡು ತಿಂಗಳಾಗಿತ್ತು. ಹಿಂದಿನ ಸಲ ಏಳನೇ ತಿಂಗಳಲ್ಲಿ ಹುಟ್ಟಿದ ಕೂಸು ಒಂದು ದಿನವೂ ಉಳಿದಿರಲಿಲ್ಲ. ಅವಳೂ ಸ್ವಲ್ಪದರಲ್ಲಿ ಉಳಿದಳು. ಈ ಸಲ ನಾನು ಹತ್ತಿರ ಇಲ್ಲದಿದ್ದರೆ ಹೇಗೆ ಎನ್ನುವುದೇ ನನ್ನ ಭಯ.

"ನೀವು ಹತ್ರ ಇದ್ದು ಏನ್ ಮಾಡ್ತೀರಿ? ಹೋದ್ಸಲ ಆಸ್ಪತ್ರೆ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದೋರು ನೀವು. ನನ್ನ ಬಿಟ್ಟು ನಿಮ್ಮನ್ನ ನೋಡ್ಕೋಬೇಕಾಯ್ತು," ಎಂದಳು ಹೆಂಡತಿ. ಅತ್ತಿಬೆಲೆಯಿಂದ ಅವಳ ಅಮ್ಮ ಬಂದು ಇರುವುದು ಎಂದು ತೀರ್ಮಾನವಾಯಿತು.

ಕಾಗದ ಹೋಗಲು ಎರಡು ವಾರ, ಬರಲು ಎರಡು ವಾರ. ಫೋನಿನಲ್ಲಿ ಮಾತಾಡಿದರೆ ಅಲ್ಲಿ ಕೊಡುವ ಭತ್ಯೆಯಲ್ಲಿ ಅದು ಒಂದು ಮಾತಿಗೆ ಊಟ, ಇನ್ನೊಂದು ಮಾತಿಗೆ ತಿಂಡಿ ನುಂಗಿಬಿಡುತ್ತಿತ್ತು. ದಾರಿ ತೋರಿಸಿದವರು ನಮ್ಮ ಹಿರಿಯ ಫೋರ್ಮನ್. ಅವರೂ ಹಿಂದೆ ಹೊರದೇಶಕ್ಕೆ ಹೋಗಿ ಬಂದವರು.

"ಮಾತ್ಯಾಕೆ ಗುರು? ಬೆಲ್ ಸಾಕಲ್ವಾ?" ಎಂದರು ಕ್ಯಾಂಟೀನಿನಲ್ಲಿ. "ಪ್ರತಿ ಭಾನುವಾರ ಒಂದೇ ಹೊತ್ತಿಗೆ ಫೋನ್ ಮಾಡು. ಐದು ಬೆಲ್ ಆದ್ಮೇಲೆ ಕಟ್ ಮಾಡು. ಬೆಲ್ ಬಂತು ಅಂದ್ರೆ ನೀನು ಚೆನ್ನಾಗಿದೀಯ ಅಂತ ಅವರಿಗೆ ಗೊತ್ತಾಯ್ತು. ಅವರು ಎತ್ತಲಿಲ್ಲ ಅಂದ್ರೆ ಮನೇಲಿ ಎಲ್ಲಾ ಕ್ಷೇಮ ಅಂತ ನಿನಗೆ ಗೊತ್ತಾಯ್ತು. ಎತ್ತದೇ ಇದ್ರೆ ಹಾಕಿದ ಕಾಸು ಪೂರ್ತಿ ವಾಪಸ್ ಬೀಳುತ್ತೆ."

"ಎತ್ತಿದರೆ?"

ಫೋರ್ಮನ್ ಕಾಫಿ ಲೋಟ ಕೆಳಗಿಟ್ಟರು. "ಎತ್ತಿದ್ರೆ ಕಾಸಿನ ಯೋಚನೆ ಬರಲ್ಲ ಬಿಡು," ಎಂದರು.

ಅಜ್ಜಿಯ ಸೇಬಿನ ಕೇಕು

ಜರ್ಮನಿಯಲ್ಲಿ ನಾನಿದ್ದದ್ದು ಒಂದು ಸಣ್ಣ ಊರು. ಒಬ್ಬ ವಿಧವೆ ಅಜ್ಜಿ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟಿದ್ದರು. ಮನೆಯೆದುರೇ ಹಳದಿ ಬಣ್ಣದ ಫೋನ್ ಬೂತು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಸ್ನಾನ ಮಾಡಿ, ವಿಭೂತಿ ಇಟ್ಟು, ಜೇಬು ತುಂಬ ನಾಣ್ಯ ಹಾಕಿಕೊಂಡು ಬೂತಿನೊಳಗೆ ನಿಲ್ಲುತ್ತಿದ್ದೆ. ನಮ್ಮಲ್ಲಿ ಅದು ಮಧ್ಯಾಹ್ನದ ಊಟ ಮುಗಿದ ಹೊತ್ತು.

ಗೌಡರ ಮನೆಯ ನಂಬರು ತಿರುಗಿಸಿ, ಕಣ್ಣು ಮುಚ್ಚಿ, ಮನೆದೇವರಿಗೆ ಕೈ ಮುಗಿಯುತ್ತಿದ್ದೆ. ಎತ್ತದಿರಲಿ ತಂದೆ, ಎತ್ತದಿರಲಿ. ಒಂದು ಬೆಲ್ಲಿಗೂ ಇನ್ನೊಂದು ಬೆಲ್ಲಿಗೂ ನಡುವೆ ನನ್ನ ಎದೆ ಹತ್ತು ಸಲ ಹೊಡೆದುಕೊಳ್ಳುತ್ತಿತ್ತು. ಮೂರಾಯಿತು, ನಾಲ್ಕಾಯಿತು, ಐದು. ಫೋನು ಇಟ್ಟೊಡನೆ ನಾಣ್ಯಗಳು ಗಲಗಲ ಎಂದು ವಾಪಸು ಬೀಳುತ್ತಿದ್ದವು. ಅಂಥ ಇಂಪಾದ ಸದ್ದನ್ನು ನಾನು ಯಾವ ಸಂಗೀತ ಕಛೇರಿಯಲ್ಲೂ ಕೇಳಿಲ್ಲ.

ಇದನ್ನೆಲ್ಲ ಅಜ್ಜಿ ಕಿಟಕಿಯಿಂದ ನೋಡುತ್ತಿದ್ದರು. ಅವರಿಗೆ ಕಂಡದ್ದು ಇಷ್ಟು: ಪಾಪ, ಈ ಕಪ್ಪು ಹುಡುಗ ಪ್ರತಿ ಭಾನುವಾರ ಶುಚಿಯಾಗಿ ಬಂದು ಮನೆಗೆ ಫೋನು ಮಾಡುತ್ತಾನೆ, ಪ್ರಾರ್ಥನೆ ಮಾಡುತ್ತಾನೆ, ಯಾರೂ ಎತ್ತುವುದೇ ಇಲ್ಲ. ನಾಲ್ಕನೇ ಭಾನುವಾರ ಅವರು ದೊಡ್ಡ ಸೇಬಿನ ಕೇಕು ಹಿಡಿದು ಮಹಡಿ ಹತ್ತಿ ಬಂದರು. ನನ್ನ ಕೈ ಹಿಡಿದುಕೊಂಡು, "ನಿನ್ನ ಹೆಂಡತಿ ಕೋಪ ಮಾಡಿಕೊಂಡಿದ್ದಾಳಾ?" ಎಂದು ಮೆಲ್ಲಗೆ ಕೇಳಿದರು.

ನನ್ನ ಅರೆಬರೆ ಜರ್ಮನ್‌ನಲ್ಲಿ ವಿವರಿಸಲು ಹೋದೆ. "ಇಲ್ಲ ಅಜ್ಜಿ, ಪ್ರೀತಿ ಇರುವುದರಿಂದಲೇ ಅವಳು ಫೋನು ಎತ್ತುವುದಿಲ್ಲ," ಎಂದೆ.

ಅಜ್ಜಿಯ ಕಣ್ಣಲ್ಲಿ ನೀರು ಬಂತು. ಮುಂದಿನ ವಾರ ಕೇಕು ಎರಡಾಯಿತು. ಮೊಟ್ಟೆ ಹಾಕಿದ್ದೀರಾ ಎಂದು ಕೇಳುವ ಧೈರ್ಯ ನಾನು ಮಾಡಲಿಲ್ಲ. ತಿಳಿಯದೆ ತಿಂದರೆ ದೋಷವಿಲ್ಲವಂತೆ.

ಬಾಗಿಲಿಗೆ ಬಂದ ನೆಂಟ

ಹೆಂಡತಿಗೆ ಐದು ತಿಂಗಳು ತುಂಬಿದ ಮೇಲೆ ಒಂದು ಭಾನುವಾರ. ಎರಡನೇ ಬೆಲ್ಲಿಗೇ ಆ ಕಡೆ ಯಾರೋ ಎತ್ತಿದರು.

ಕಾಲ ಕೆಳಗಿನ ನೆಲ ಕುಸಿಯಿತು ಎನ್ನುತ್ತಾರಲ್ಲ, ಅದು ಏನೆಂದು ಅವತ್ತು ಗೊತ್ತಾಯಿತು. ಮೆಷಿನ್ ಒಂದೊಂದೇ ನಾಣ್ಯ ನುಂಗುತ್ತಿತ್ತು.

"ಅಲೋ, ಯಾರು?" ಗೌಡಮ್ಮನ ದನಿ.

"ನಾನು ಅಮ್ಮಾ. ಏನಾಯ್ತು?"

"ಏನಾಯ್ತು?" ಅವರೂ ಅದನ್ನೇ ಕೇಳಿದರು.

"ನೀವೇ ಹೇಳಿ, ಏನಾಯ್ತು?"

"ಅಯ್ಯೋ ಸಿವನೆ, ಫೋನ್ ಮಾಡಿರೋನು ನೀನು. ನಿಂಗೇನಾಯ್ತಪ್ಪಾ?"

"ನನಗೇನೂ ಆಗಿಲ್ಲ. ಮನೇಲಿ ಹೇಗಿದ್ದಾರೆ? ಯಾಕೆ ಎತ್ತಿದ್ರಿ?"

ಗೌಡಮ್ಮ ನಿರಾಳವಾದರು. "ಇಲ್ಲಿ ಎಲ್ಲಾ ಸೆಂದಾಗವ್ರೆ ಮಗಾ. ಬಾಗ್ಲಿಗೆ ಬಂದ ನೆಂಟ ಕೂಗ್ತಾ ನಿಂತಿದ್ರೆ ಒಳ್ಗೇ ಕುಂತಿರೋಕಾಯ್ತದಾ? ಪ್ರತಿ ವಾರ ಕೂಗಿ ಕೂಗಿ ವೊಂಟೋಯ್ತೀಯ, ನಂಗೆ ಅನ್ನ ಸೇರಲ್ಲ. ಊಟ ಆಯ್ತಾ?"

ಊಟ ಆಯಿತೋ ಇಲ್ಲವೋ ಹೇಳುವಷ್ಟರಲ್ಲಿ ನನ್ನ ಒಂದು ವಾರದ ಊಟವನ್ನು ಮೆಷಿನ್ ನುಂಗಿತ್ತು. ಕೊನೆಯ ನಾಣ್ಯಕ್ಕೆ ಗೌಡಮ್ಮ ಕೂಗಿ ಹೇಳಿದರು: "ಎಲ್ಲಾ ಕ್ಸೇಮ, ಅದ್ಕೇ ನಾವು ಫೋನ್ ಎತ್ತಾಕಿಲ್ಲ ಅಂತ ಯೋಳಾಕೇ ಎತ್ತಿದ್ದು ಕಣಪ್ಪಾ."

ಮೂರು ನೆಮ್ಮದಿಯ ಭಾನುವಾರ

ಆಮೇಲೆ ಗೌಡಮ್ಮ ಸುಧಾರಿಸಿದರು. ದೀಪಾವಳಿಯ ಮುಂದಿನ ಮೂರು ಭಾನುವಾರ ಯಾರೂ ಎತ್ತಲಿಲ್ಲ. ಏಳನೇ ತಿಂಗಳು, ನಾನು ಅತ್ಯಂತ ಹೆದರಿದ್ದ ತಿಂಗಳು, ಅದೂ ದಾಟಿತು. ನಾನು ಮೂರು ವಾರವೂ ನಾಣ್ಯ ಬಾಚಿಕೊಂಡು, ಶಿಳ್ಳೆ ಹಾಕುತ್ತ, ಅಲ್ಲಿನ ಕಾರ್ಖಾನೆಯ ಗೆಳೆಯರೊಂದಿಗೆ ನದಿ ದಂಡೆಗೆ ತಿರುಗಾಡಲು ಹೋದೆ.

ಆಮೇಲೆ ಹೆಂಡತಿಯ ಕಾಗದ ಬಂತು. "ಚರಂಡಿ ತೋಡುವವರು ಹಬ್ಬದ ಮರುದಿನವೇ ಫೋನಿನ ಕೇಬಲ್ ಕತ್ತರಿಸಿದ್ದಾರೆ. ಇಲ್ಲಿ ಫೋನು ಸತ್ತು ಬಿದ್ದಿದೆ. ಬೆಲ್ ಮಾಡಲಾಗದೆ ನೀವು ಎಷ್ಟು ಒದ್ದಾಡುತ್ತಿದ್ದೀರೋ. ನನಗೆ ಕಾಲು ಬಾತು, ತಲೆ ಸುತ್ತಿ, ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಈಗ ಗುಣವಾಗಿದೆ, ಹೆದರಬೇಡಿ."

ಓದಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸತ್ತ ಫೋನಿಗೂ ಈ ಕಡೆ ಕಿವಿಯಲ್ಲಿ ಬೆಲ್ ಕೇಳಿಸುತ್ತದೆ ಎಂದು ನನಗೆ ಯಾರು ಹೇಳಿದ್ದರು? ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ನದಿ ದಂಡೆಯಲ್ಲಿ ಶಿಳ್ಳೆ ಹಾಕುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಇನ್ನು ಮೇಲೆ ಎತ್ತಿದರೂ ಭಯ, ಎತ್ತದಿದ್ದರೂ ಭಯ.

ಕಾಗದದ ಅಂಚಿನಲ್ಲಿ ಇನ್ನೊಂದು ಸಾಲು ಇತ್ತು: "ಹಬ್ಬದಿಂದೀಚೆಗೆ ತಾನು ಒಂದು ಸಲವೂ ಫೋನು ಎತ್ತಿಲ್ಲವೆಂದು ನಿಮಗೆ ಮರೆಯದೆ ತಿಳಿಸಲು ಗೌಡಮ್ಮ ಹೇಳಿದ್ದಾರೆ."

ಒಪ್ಪಂದ

ಕೇಬಲ್ ಸರಿಯಾಗಿದೆ ಎಂದು ಕಾಗದ ಬಂತು. ಆದರೂ ಹೆರಿಗೆಗೆ ಹೊಸ ಒಪ್ಪಂದ ಬೇಕಾಯಿತು. ಇದನ್ನು ಕಾಗದದಲ್ಲಿ ಬರೆದು ಕಳಿಸಿದವನು ನಾನೇ. ಹೆರಿಗೆಯಾಗಿ ತಾಯಿ, ಮಗು ಇಬ್ಬರೂ ಕ್ಷೇಮವಾಗಿದ್ದರೆ, ಮುಂದಿನ ಭಾನುವಾರ ಫೋನು ಎತ್ತಬೇಕು. ಆದರೆ ಮಾತಾಡಬಾರದು. ಎತ್ತಿ, ತಕ್ಷಣ ಇಡಬೇಕು. ಒಂದೇ ನಾಣ್ಯದಲ್ಲಿ ಮುಗಿಯುತ್ತದೆ. ಯಾರಾದರೂ ಬಾಯಿ ಬಿಟ್ಟು ಮಾತಾಡಿದರೆ ಕೆಟ್ಟದ್ದಾಗಿದೆ ಎಂದು ತಿಳಿದುಕೊಳ್ಳುತ್ತೇನೆ. ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದೆ.

ಜನವರಿಯ ಎರಡು ಭಾನುವಾರ ಯಾರೂ ಎತ್ತಲಿಲ್ಲ. ಮೂರನೆಯ ಭಾನುವಾರ ಮೊಣಕಾಲುದ್ದ ಹಿಮ. ಒಂದು ಬೆಲ್, ಎರಡು ಬೆಲ್. ಎತ್ತಿದರು.

ನಾನು ಉಸಿರು ಹಿಡಿದೆ. ಯಾರೂ ಮಾತಾಡಲಿಲ್ಲ. ಸರಿ, ಒಪ್ಪಂದದಂತೆ ಇನ್ನು ಇಡಬೇಕು. ಇಡಲಿಲ್ಲ. ಎರಡನೇ ನಾಣ್ಯ ಬಿತ್ತು, ಮೂರನೆಯದು ಬಿತ್ತು. ಆ ಕಡೆ ಬಹಳ ಜನರ ಉಸಿರು ಕೇಳಿಸುತ್ತಿತ್ತು. ಗೌಡರ ನಡುಮನೆಯಲ್ಲಿ ಅಷ್ಟೊಂದು ಜನ ಯಾಕೆ ಸೇರಿದ್ದಾರೆ? ಸೇರಿಯೂ ಯಾಕೆ ಸುಮ್ಮನಿದ್ದಾರೆ? ಯಾರೋ ಹೆಂಗಸು ಬಿಕ್ಕಿದ ಸದ್ದು ಬಂತು. ನನ್ನ ಕೈಲಿದ್ದ ನಾಣ್ಯಗಳು ಬೂತಿನ ನೆಲದ ಮೇಲೆ ಚೆಲ್ಲಿದವು.

"ಹಲೋ. ಅಮ್ಮಾ. ಯಾರಾದರೂ ಮಾತಾಡಿ," ಎಂದೆ.

ಉತ್ತರವಿಲ್ಲ.

"ಗೌಡ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಏನಾಗಿದ್ರೂ ಸರಿ, ಹೇಳಿಬಿಡಿ."

ಯಾರೂ ತುಟಿ ಬಿಚ್ಚಲಿಲ್ಲ. ಮೆಷಿನ್ನಿನಲ್ಲಿ ಉಳಿದದ್ದು ಕೊನೆಯ ನಾಣ್ಯ. ಬೂತಿನ ಗಾಜಿಗೆ ಹಣೆ ಆನಿಸಿ, ದೊಡ್ಡ ಗಂಡಸು, ನಾನು ಅಳತೊಡಗಿದೆ.

ಆಗ ಆ ಕಡೆ ಒಂದು ಕೂಸು ಕಿಟಾರನೆ ಕಿರುಚಿತು. ಮಾತಾಡಬಾರದು ಎಂಬ ಒಪ್ಪಂದವನ್ನು ಅದಕ್ಕೆ ಯಾರೂ ಹೇಳಿರಲಿಲ್ಲ. ಹಿಂದೆಯೇ, ಗಾಬರಿಯಿಂದ, ಯಾರೋ ಅದರ ಬಾಯಿ ಮುಚ್ಚಿಸಲು ಹೊರಟರು: "ಶ್ಶ್... ಶ್ಶ್..."

ಆ ಸದ್ದು ಲೋಕದಲ್ಲಿ ಒಬ್ಬಳದ್ದೇ. ಐದು ವರ್ಷ ಕೇಳಿಸಿಕೊಂಡವನು ನಾನು. ಕೂಸೂ ಇದೆ, ಅವಳೂ ಇದ್ದಾಳೆ, ಗದರುವಷ್ಟು ಗಟ್ಟಿಯಾಗಿಯೇ ಇದ್ದಾಳೆ. ಕೊನೆಯ ನಾಣ್ಯ ಬಿದ್ದು ಲೈನು ಕಟ್ಟಾಯಿತು.

ಊರಿಗೆ ಬಂದ ಮೇಲೆ ತಿಳಿಯಿತು. ಫೋನು ಹಿಡಿದಿದ್ದವರು ಗೌಡಮ್ಮ. ವಠಾರದವರೆಲ್ಲ ಸುತ್ತ ನಿಂತು ಬಾಯಿಗೆ ಸೆರಗು ತುರುಕಿಕೊಂಡಿದ್ದರಂತೆ. ನನ್ನ ದನಿ ಕೇಳಿ ಅತ್ತೆ ಬಿಕ್ಕಿದ್ದಂತೆ. ಯಾಕಮ್ಮಾ ತಕ್ಷಣ ಇಡಲಿಲ್ಲ ಎಂದು ಗೌಡಮ್ಮನನ್ನು ಕೇಳಿದರೆ, "ಅಷ್ಟ್ ದೂರದಿಂದ ಬಂದೋನು ಅಳ್ತಾ ನಿಂತವ್ನೆ, ಮಕದ ಮೇಲೆ ಬಾಗ್ಲು ಆಕೋಕಾಯ್ತದಾ?" ಎಂದರು.

ಇದೆಲ್ಲ ಆಮೇಲಿನ ಮಾತು. ಅವತ್ತು ನಾನು ಬೂತಿನ ಬಾಗಿಲು ತಳ್ಳಿ ಹಿಮದಲ್ಲಿ ಹುಚ್ಚನ ಹಾಗೆ ಕುಣಿಯುತ್ತಿದ್ದೆ. ಅಜ್ಜಿ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿಬಂದರು.

"ಕೊನೆಗೂ ಎತ್ತಿದರಾ?" ಎಂದರು, ನನ್ನ ಎರಡೂ ಕೈ ಹಿಡಿದುಕೊಂಡು.

"ಎತ್ತಿದರು ಅಜ್ಜಿ, ಎತ್ತಿದರು."

"ಏನಂದರು?"

"ಯಾರೂ ಏನೂ ಮಾತಾಡಲಿಲ್ಲ," ಎಂದೆ ಕಣ್ಣೊರೆಸಿಕೊಂಡು ನಗುತ್ತ.

ಅಜ್ಜಿ ನನ್ನ ಕೈ ಬಿಟ್ಟರು. ಆಮೇಲೆ ಏನೂ ಕೇಳದೆ ಅಡುಗೆಮನೆಗೆ ಹೋಗಿ ಮೂರು ಕೇಕು ಮಾಡಿದರು.